ಬಂಡಳ್ಳಿ ಗೋಡೆಯ ಹಸು

ಕೊಳ್ಳೇಗಾಲದಲ್ಲಿ ಅಂಗಡಿ ಬೋರ್ಡು ಬರೆದುಕೊಂಡಿದ್ದವನು ನಾನು. ಫ್ಲೆಕ್ಸ್ ಬಂದು ನನ್ನ ಕೈಗೆ ಭರ್ಜರಿ ವಿಶ್ರಾಂತಿ ಕೊಟ್ಟಿತು. ಮನೆಯ ಅಡುಗೆಕೋಣೆ ಬಾಗಿಲ ಪಕ್ಕ ನಾನು ಬರೆದ ಬಿಳಿಗಿರಿರಂಗನ ಬೆಟ್ಟದ ಚಿತ್ರ ತೂಗುತ್ತಿದೆ, ಮದುವೆಯಾದ ಹೊಸತರದ್ದು. ಮಾಂಬಳ್ಳಿಯ ನನ್ನ ಹೆಂಡತಿ ಅದನ್ನು ಒಮ್ಮೆಯೂ ಚೆನ್ನಾಗಿದೆ ಎಂದವಳಲ್ಲ. ಕೇಳಿದರೆ, "ಏನೋ ಒಂದದೆ ಬುಡಿ" ಎನ್ನುತ್ತಾಳೆ. ಸಾಲದ್ದಕ್ಕೆ ಅವಳ ಒಗ್ಗರಣೆ ಹೊಗೆಗೆ ಚಿತ್ರದ ಮೂಲೆಯಲ್ಲಿ ಆಗಾಗ ಒಂದಿಷ್ಟು ಮಸಿ ಕೂರುತ್ತದೆ. ನಾನು ಗೊಣಗಿಕೊಂಡು ಒರೆಸುತ್ತೇನೆ. ಅವಳು ನಗುತ್ತಾಳೆ.

ಹೋದ ಬೇಸಿಗೆಯಲ್ಲಿ ಹನೂರಿನ ಕಡೆಯ ಬಂಡಳ್ಳಿಯಿಂದ ಕರೆ ಬಂತು. ಅಲ್ಲೊಂದು ಮನೆಯವರಿಗೆ ಸತ್ತುಹೋದ ತಮ್ಮ ಹಸುವಿನ ಚಿತ್ರ ಜಗುಲಿ ಗೋಡೆಯ ಮೇಲೆ ಬೇಕಿತ್ತು. ಫ್ಲೆಕ್ಸ್ ಬೇಡವೇ ಬೇಡ ಎಂದು ಆ ಮನೆಯ ಅಜ್ಜಿ ಹಠ ಹಿಡಿದಿದ್ದಳಂತೆ. ಖುಷಿಯಿಂದ ಒಪ್ಪಿಕೊಂಡೆ, ಫೋನ್ ಇಟ್ಟ ಮೇಲೆ ಹೆದರಿಕೊಂಡೆ. ಬ್ರಷ್ ಹಿಡಿದು ವರ್ಷಗಳಾಗಿದ್ದವು. ಇದೊಂದು ಕೆಟ್ಟರೆ ಬಣ್ಣದ ಡಬ್ಬಗಳನ್ನೆಲ್ಲ ಗುಜರಿಗೆ ಹಾಕುವುದೆಂದು ತೀರ್ಮಾನಿಸಿದೆ.

ಧೈರ್ಯಕ್ಕೆ ಯಳಂದೂರಿನ ಗೆಳೆಯನನ್ನು ಕರೆದುಕೊಂಡು ಹೋದೆ. ಹಳ್ಳಿಗಳ ಪೌರಾಣಿಕ ನಾಟಕಕ್ಕೆ ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಅವನು. ನುಡಿಸುವಾಗ ಕಣ್ಣು ಮುಚ್ಚಿರುತ್ತಾನೆ. ಜನ ಅದನ್ನು ತಲ್ಲೀನತೆ ಎಂದುಕೊಂಡಿದ್ದಾರೆ. ಬಸ್ಸಿನಲ್ಲಿ ನಿಜ ಹೇಳಿದ.

"ಕಣ್ ಬುಟ್ರೆ ಜನ ಕಾಣ್ತಾರೆ ಕಣ್ಲಾ. ಎದೆ ಡವಗುಟ್ತದೆ."

"ಇಷ್ಟ್ ವರ್ಷ ಆದ್ಮೇಲೂನಾ? ಮತ್ಯಾಕ್ಲಾ ನುಡಿಸ್ತೀಯಾ?"

"ನುಡಿಸ್ದೆ ಮನೇಲಿ ಕುಂತ್ರೆ ಇನ್ನೂ ಭಯ ಆಯ್ತದೆ."

ನನ್ನ ಧೈರ್ಯಕ್ಕೆಂದು ಕರೆದುಕೊಂಡು ಬಂದ ಆಸಾಮಿ ಇವನು!

ಅಜ್ಜಿ ಗೋಡೆಯ ಮುಂದೆಯೇ ಕಂಬಕ್ಕೆ ಒರಗಿ ಕೂತಳು. "ಎಡಗಡೆ ಕೊಂಬು ಒಸಿ ಸೊಟ್ಟ ಕಣಪ್ಪ" ಎಂದಳು, ಅಷ್ಟೇ. ಮೊದಮೊದಲು ಎಳೆದ ಗೆರೆಯನ್ನೇ ಒರೆಸಿ ಒರೆಸಿ ಮತ್ತೆ ಎಳೆದೆ. ಸೊಟ್ಟ ಕೊಂಬು ಸರಿಯಾಗಿ ಕೂತ ಮೇಲೆ ಹೆದರಿಕೆ ಮರೆತೇಹೋಯಿತು. ಸಂಜೆಯ ಹೊತ್ತಿಗೆ ಹಸು ಗೋಡೆಯಿಂದ ನಮ್ಮನ್ನೇ ನೋಡುತ್ತಿತ್ತು. ಮನೆಯವರೆಲ್ಲ ಬಂದು ನಿಂತರು. ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಒಬ್ಬರಂತೂ, "ಕೊಳ್ಳೇಗಾಲ್ದಲ್ಲಿ ಮಳೆ ಬಂತಾ ಸಾ?" ಎಂದು ಕೇಳಿದರು. ನನ್ನ ಜೀವ ಬತ್ತಿಹೋಯಿತು. ಡಬ್ಬ ಗುಜರಿಗೇ ಸರಿ ಎಂದುಕೊಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ.

ತಿರುಗಿ ಬಂದರೆ ಅಜ್ಜಿ ದೀಪದ ಮಸಿಯನ್ನು ಬೆರಳಿಗೆ ತೆಗೆದುಕೊಂಡು ಹಸುವಿನ ಕೆನ್ನೆಗೆ ಒತ್ತುತ್ತಿದ್ದಾಳೆ!

"ಅಯ್ಯೋ ಅಜ್ಜಿ, ಹಸಿ ಬಣ್ಣ!" ಎಂದು ಕಿರುಚಿದೆ.

"ಈಟೊತ್ತೂ ಎಲ್ರ ಕಣ್ಣೂ ಇದ್ರ ಮ್ಯಾಲೇ ಇತ್ತು, ಸುಮ್ಕೆ ಬುಟ್ಟಾರಾ? ಬದುಕಿದ್ದಾಗ್ಲೂ ನಾನೇ ಇಕ್ತಿದ್ದಿ" ಎಂದಳು ಅಜ್ಜಿ.

ಗೆಳೆಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಲೇ, ಕೆಟ್ಟದಾಗಿದ್ರೆ ಯಾರ್ಲಾ ದೃಷ್ಟಿ ಬೊಟ್ಟಿಕ್ತಾರೆ? ಇದ್ಕಿಂತ ಸನ್ಮಾನ ಬೇಕಾ ನಿಂಗೆ?"

ಬಾಯಿಬಿಟ್ಟು ಹೊಗಳಿದರೂ ದೃಷ್ಟಿ ತಗಲುತ್ತದೆಂದು ನಮ್ಮ ಕಡೆಯವರು ಮುದ್ದಾದ ಕೂಸನ್ನೂ "ಪರವಾಗಿಲ್ಲ" ಎಂದೇ ಎತ್ತಿಕೊಳ್ಳುತ್ತಾರೆ. ಇದೇ ಮಣ್ಣಿನಲ್ಲಿ ಹುಟ್ಟಿಯೂ ನನಗದು ಹೊಳೆದಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಬೆಟ್ಟದ ಚಿತ್ರದ ಮೂಲೆಯಲ್ಲಿ ಮತ್ತೆ ಮಸಿ ಕೂತಿತ್ತು. ಅಭ್ಯಾಸಬಲದಿಂದ ಬಟ್ಟೆ ಹಿಡಿದು ಹತ್ತಿರ ಹೋದವನು ಹಾಗೇ ನಿಂತೆ. ದುಂಡಗಿತ್ತು. ನಡುವೆ ಬೆರಳಿನ ಗೆರೆಗಳಿದ್ದವು.

"ಇದು ನೀನಾ?"

"ಒಗ್ಗರಣೆ ಹೊಗೆ ಅಲ್ವಾ? ಒರಸ್ಕಳಿ" ಎಂದು ಒಳಗೆ ಹೋದಳು.

ಬಟ್ಟೆ ಕೈಯಲ್ಲೇ ಇತ್ತು. ಅದರಲ್ಲಿ ಕಣ್ಣೊರೆಸಿಕೊಂಡೆ. ಅವಳು ಬಾಗಿಲಿಂದ ಇಣುಕಿದಾಗ ಬಣ್ಣಕ್ಕೆ ಬೆರೆಸುವ ಥಿನ್ನರ್ ಉರಿ ಎಂದು ಹೇಳಿದೆ, ಅವಳು ನಂಬಲಿಲ್ಲ.