ಒಂದು ಕೂಸಿಗೆ ನಾಲ್ಕು ತೊಟ್ಟಿಲು

ಸೋಮವಾರ ಬೆಳಿಗ್ಗೆ ಪೂಜೆಯ ತಂಬಿಗೆ, ಆರತಿ ತಟ್ಟೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ತಂಗಿಯ ಮಗಳು ಮಹಡಿಯಿಂದ ಇಳಿದು ಬಂದು ಹಿತ್ತಲ ಕಲ್ಲಿನ ಮೇಲೆ ಕುಳಿತಳು. ಕೈಯಲ್ಲಿ ಫೋನಿತ್ತು, ಮುಖ ಬಿಳಚಿಕೊಂಡಿತ್ತು.

“ದೊಡ್ಡವ್ವ, ಸರ್ ಫೋನ್ ಮಾಡಿದ್ರು. ಬರೋ ರವಿವಾರ ಚಿತ್ತಾಪುರದಾಗ ಅವರಿಗೆ ಸನ್ಮಾನ ಅದಂತ. ಮೂರು ಹೊಸ ಜಾತಿ ಕಂಡುಹಿಡಿದಾರ ಅಂತ ಬ್ಯಾನರ್ ಮಾಡಸ್ಲಿಕತ್ತಾರ.”

“ಛಲೋ ಆತಲ್ಲ?”

“ಮೂರಿಲ್ಲ ದೊಡ್ಡವ್ವ. ಇರೋದು ಒಂದೇ.”

ಅವಳು ನಾಲ್ಕು ವರ್ಷದಿಂದ ಸೇಡಂನ ನಮ್ಮ ಮನೆಯಲ್ಲಿದ್ದು ಈ ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಚಿಂಚೋಳಿ ಕಡೆ ಐನಾಪುರದಲ್ಲಿ ಬಾವಿ ತೋಡುವಾಗ ಎರಡು ಕರಿಕಲ್ಲಿನ ಪದರಗಳ ನಡುವೆ ಬೂದುಬಣ್ಣದ ಮಣ್ಣು ಸಿಕ್ಕಿತ್ತು. ಅದನ್ನು ಆಸಿಡ್‌ನಲ್ಲಿ ತೊಳೆದು, ಸೋಸಿ, ಉಳಿದದ್ದನ್ನು ಗಾಜಿನ ಪಟ್ಟಿಗೆ ಅಂಟಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಅವಳ ಕೆಲಸ. ಡೈನೋಫ್ಲಾಜೆಲೇಟ್ ಎಂಬ ಕಣ್ಣಿಗೆ ಕಾಣದ ಜೀವವಂತೆ. ನೀರಿನಲ್ಲಿರುತ್ತದೆ. ಕಾಲ ಕೆಟ್ಟಾಗ ಗಟ್ಟಿ ಕವಚ ಕಟ್ಟಿಕೊಂಡು ಒಳಗೆ ಮಲಗುತ್ತದೆ, ಕಾಲ ಸುಧಾರಿಸಿದಾಗ ಮುಚ್ಚಳ ತೆರೆದು ಹೊರಗೆ ಹೋಗುತ್ತದೆ. ಆ ಖಾಲಿ ಕವಚ ಕೋಟಿ ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. ಶಿವನು ಇಷ್ಟು ಸಣ್ಣದಕ್ಕೂ ಒಂದು ಬಾಗಿಲು ಇಟ್ಟಿದ್ದಾನಲ್ಲ ಎಂದು ಮೊದಲ ಸಲ ನೋಡಿದಾಗ ಕೈಮುಗಿದಿದ್ದೆ.

ಸರ್‌ಗೆ ಆ ಮಣ್ಣಿನಲ್ಲಿ ಮೂರು ಜಾತಿ ಕಂಡಿದ್ದವು: ಮೈತುಂಬ ಮುಳ್ಳಿದ್ದದ್ದು ಒಂದು, ಬೋಳು ಮೈಯದು ಒಂದು, ಮಡಚಿಕೊಂಡದ್ದು ಇನ್ನೊಂದು. ಇವಳ ಪ್ರಕಾರ ಮೂರಕ್ಕೂ ಮುಚ್ಚಳ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ತೆರೆದಿತ್ತು. ಮುಳ್ಳು ಸೋಸುವಾಗ ಮುರಿದಿದ್ದವು, ಮಡಿಕೆ ಮಣ್ಣಿನ ಭಾರಕ್ಕೆ ಬಿದ್ದಿತ್ತು, ಅಷ್ಟೆ.

“ಹಂಗಾದ್ರ ಸರ್‌ಗೆ ಮೂರು ಯಾಕ ಬೇಕು?”

“ಮೂರು ಹೆಸರು ಇಡ್ಬೇಕಲ್ಲ.”

ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಆ ವಿದ್ಯೆಯಲ್ಲಿ ಮರ್ಯಾದೆಯಲ್ಲವಂತೆ. ಅದಕ್ಕೇ ಹೆಸರಿಡುವ ಲೇಖನಕ್ಕೆ ಶಿಷ್ಯೆಯ ಸಹಿ ಬೇಕಾಗಿತ್ತು. ಒಂದಕ್ಕೆ ಇವಳು ಸರ್ ಹೆಸರಿಡಬೇಕು, ಇನ್ನೊಂದಕ್ಕೆ ಸರ್ ಮನೆಯವರದು, ಮೂರನೆಯದಕ್ಕೆ ಸರ್ ಅವರ ಗುರುಗಳದು. ಸಹಿ ಹಾಕದಿದ್ದರೆ ಇವಳ ಥೀಸಿಸ್‌ಗೆ ಅವರ ಸಹಿ ಬೀಳುವುದಿಲ್ಲ, ನಾಲ್ಕು ವರ್ಷದ ದುಡಿಮೆ ನೀರಿಗೆ ಹಾಕಿದಂತೆ. ಹಾಗೆಂದು ಬಾಯಿಬಿಟ್ಟು ಅವರೇನೂ ಹೇಳಿರಲಿಲ್ಲ. “ವಿಚಾರ ಮಾಡು” ಎಂದಿದ್ದರು. ದೊಡ್ಡವರು ಹೆದರಿಸುವುದು ಹೀಗೆಯೇ, ಭಾಳ ಮೃದುವಾಗಿ.

ನಮ್ಮ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಐದು ಹೆಸರು ಕರೆಯುತ್ತಾಳೆ. ಐದು ಹೆಸರು ಕರೆದ ಮಾತ್ರಕ್ಕೆ ಐದು ಕೂಸು ಹುಟ್ಟಿದವೆಂದು ಇಂದಿನವರೆಗೆ ಯಾವ ಅತ್ತೆಯೂ ಹೇಳಿಲ್ಲ. ಅದಕ್ಕೆ ಡಾಕ್ಟರೇಟ್ ಬೇಕಾಗುತ್ತದೆಂದು ಕಾಣುತ್ತದೆ.

ರವಿವಾರ ಮಧ್ಯಾಹ್ನ ಸರ್ ನಮ್ಮಲ್ಲಿ ಊಟ ಮಾಡಿ ಸಂಜೆ ಚಿತ್ತಾಪುರಕ್ಕೆ ಹೋಗುವುದೆಂದು ಗೊತ್ತಾಯಿತು. ನಾನು ಪುಂಡಿಪಲ್ಯ, ಎಣ್ಣಿಗಾಯಿ, ಹೋಳಿಗೆ ಮಾಡಿದೆ. ಸಿಟ್ಟಿದ್ದರೂ ತುಪ್ಪ ಕಡಿಮೆ ಹಾಕಲಿಲ್ಲ. ತುಪ್ಪದ ಮೇಲೆ ಸೇಡು ತೀರಿಸಿಕೊಳ್ಳುವ ಪೈಕಿ ನಾನಲ್ಲ.

ಹುಡುಗಿ ವಾರವಿಡೀ ಹುಡುಕಿ ಒಂದು ಕವಚ ಹಿಡಿದಿಟ್ಟಿದ್ದಳು. ಒಂದು ಮಗ್ಗಲು ಮುಳ್ಳು, ಇನ್ನೊಂದು ಮಗ್ಗಲು ಬೋಳು, ಬೋಳು ಕಡೆ ಮುಳ್ಳು ಮುರಿದ ಬುಡಗಳು ಸಾಲಾಗಿ ಎದ್ದು ಕಾಣುತ್ತಿದ್ದವು. ಇದಕ್ಕಿಂತ ಸಾಕ್ಷಿ ಬೇಕೆ? ಊಟವಾದ ಮೇಲೆ ಸರ್ ಅವರನ್ನು ಮಹಡಿಗೆ ಕರೆದೊಯ್ದಳು. ನಾನು ಎಲೆಯಡಿಕೆ ತಟ್ಟೆ ಹಿಡಿದು ಹಿಂದೆಯೇ ಹೋದೆ.

ಸರ್ ಮೈಕ್ರೋಸ್ಕೋಪಿಗೆ ಬಗ್ಗಿ ಭಾಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಶಾಬ್ಬಾಸ್!” ಎಂದರು. “ಇದು ನಾಕನೇ ಜಾತಿ!”

“ಸರ, ಅರ್ಧ ತಲಿ ಬೋಳಿಸಿದ್ರ ಬ್ಯಾರೆ ಮನಷ್ಯಾ ಆಗ್ತಾನೇನ್ರಿ?” ಎಂದುಬಿಟ್ಟೆ.

“ಅಕ್ಕಾರ, ನಿಮ್ಮ ಹೋಳಿಗಿ ಭಾಳ ಛಲೋ ಆಗಿದ್ವು ನೋಡ್ರಿ,” ಎಂದು ನಕ್ಕು ಎಲೆ ಮಡಚಿದರು.

“ನಾ ಸಹಿ ಹಾಕಂಗಿಲ್ಲ ಸರ್,” ಎಂದಳು ಹುಡುಗಿ. ದನಿ ನಡುಗಿತು, ಮಾತು ನಡುಗಲಿಲ್ಲ. ಸರ್ ಮೆಟ್ಟಿಲಿಳಿದು ಹೋದರು. ಆ ಸಂಜೆ ಸಭೆಯಲ್ಲಿ ಬ್ಯಾನರಿನ ಮೂರರ ಮೇಲೆ ಕಾಗದ ಅಂಟಿಸಿ ನಾಲ್ಕು ಎಂದು ಬರೆದಿದ್ದರೆಂದು ವಾಡಿಯಿಂದ ಹೋಗಿದ್ದ ನಮ್ಮ ನಾದಿನಿ ಹೇಳಿದಳು. ಅಂಟು ಒಣಗುವ ಮೊದಲೇ ಶಾಲು ಹೊದಿಸಿದರಂತೆ.

ನಾಲ್ಕು ಜಾತಿಯ ಲೇಖನವನ್ನು ಸರ್ ತಮ್ಮೊಬ್ಬರ ಹೆಸರಿನಲ್ಲೇ ಪರದೇಶದ ಪತ್ರಿಕೆಗೆ ಕಳಿಸಿದರು. ಆಮೇಲೆ ಇವಳ ಫೋನ್ ಎತ್ತಲೇ ಇಲ್ಲ. ಅವಳು ಅಳುವುದು ಮುಗಿಸಿ ಬರೆಯಲು ಕುಳಿತಳು. ಕವಚದ ಅಗಲ, ಮುಳ್ಳಿನ ಉದ್ದ, ಮುಚ್ಚಳದ ಮೂಲೆ, ಯಾವುದು ಹಾಗೇ ಇದ್ದದ್ದು, ಯಾವುದು ಮುರಿದದ್ದು, ಎಲ್ಲ ಬರೆದಳು. ಊನವಿಲ್ಲದ ಒಂದನ್ನು ಆರಿಸಿ ಜಾತಿಯ ಮೂಲ ಮಾದರಿಯೆಂದು ಗುರುತು ಹಾಕಿದಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು. ಆ ದಿನಗಳಲ್ಲಿ ನಾನು ದೇವರ ಮುಂದೆ ಅದೊಂದಕ್ಕೇ ಕೈಮುಗಿದೆ.

ಏಳು ತಿಂಗಳ ಮೇಲೆ, ನಾವಿಬ್ಬರೂ ಶೇಂಗಾ ಸುಲಿಯುತ್ತಿದ್ದಾಗ, ಸರ್ ಫೋನ್ ಬಂತು. ಅವಳು ಸ್ಪೀಕರ್ ಹಾಕಿದಳು. ಪರದೇಶದವರು ಲೇಖನ ವಾಪಸ್ ಕಳಿಸಿದ್ದರು: ನಾಲ್ಕೂ ಒಂದೇ, ಮುಳ್ಳು ಮುರಿದಿವೆ, ತಿದ್ದಿ ಕಳಿಸಿರಿ.

“ನಾ ಮೊದಲಿಂದ ಅದನ್ನೇ ಹೇಳ್ಲಿಕತ್ತಿದ್ದೆ ಅಲ್ಲೇನು?” ಎಂದರು ಸರ್. “ನೀ ಏನರೆ ಬರದಿಟ್ಟಿದ್ರ ಕಳ್ಸು.”

“ಕಳಸ್ತೀನ್ರಿ ಸರ್. ಮೊದಲು ನನ್ನ ಹೆಸರು, ಆಮ್ಯಾಲೆ ನಿಮ್ದು. ಜಾತಿಗೆ ಐನಾಪುರದ ಹೆಸರು. ಥೀಸಿಸ್‌ಗೆ ಸಹಿ ಈ ವಾರ ಆಗ್ಬೇಕು.”

ಆ ಕಡೆಯಿಂದ ಒಂದು ಕೆಮ್ಮು, ಅದರ ಹಿಂದೆಯೇ “ಆತು.”

ಹುಡುಗಿ ಫೋನ್ ಇಟ್ಟು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಮನೆ ಮುಂದಿನ ನಳ ಗೊರಗೊರ ಸದ್ದು ಮಾಡಿತು. ಐದು ದಿನದ ಮೇಲೆ ನೀರು ಬಿಟ್ಟಿದ್ದರು. ಮಡಿಲಿನ ಸಿಪ್ಪೆ ಕೊಡವಿ, ಕೊಡಗಳನ್ನು ತೊಳೆಯಲು ಎದ್ದೆ.