ಅಪ್ಪನಿಗೆ ಬಸ್ಸಾರು ಗೆದ್ದುಕೊಟ್ಟದ್ದು

ಅಪ್ಪನ ಮೂತ್ರಪಿಂಡ ಕೆಟ್ಟಿದೆ ಎಂದು ಕೊಳ್ಳೇಗಾಲದ ಡಾಕ್ಟರು ಹೇಳಿದ ವರ್ಷ ನಾನು ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದು ಮೆರೆಯುತ್ತಿದ್ದೆ. ಉಪ್ಪು ಕಡಿಮೆ, ಬೇಳೆಕಾಳು ಕಡಿಮೆ, ಸೊಪ್ಪು ಬೇಯಿಸಿದರೆ ನೀರು ಚೆಲ್ಲಿ ಸೊಪ್ಪನ್ನು ಮಾತ್ರ ಕೊಡಿ ಎಂದಿದ್ದರು. ಅವ್ವ ಓದಿದವಳಲ್ಲ. ನಮ್ಮೂರು ಶಾಗ್ಯದವರೆಗೂ ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ನಮ್ಮ ಕಡೆ ಸೊಪ್ಪು ಬೇಯಿಸಿ ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಅದರಿಂದಲೇ ಬಸ್ಸಾರು, ಮುದ್ದೆಗೆ ಅದಿಲ್ಲದಿದ್ದರೆ ಊಟವೇ ಅಲ್ಲ. ಅವ್ವ ಅದನ್ನು ಹಸುವಿನ ಕಲಗಚ್ಚಿಗೆ ಸುರಿಯತೊಡಗಿದಳು.

"ಹಸ ನನ್ಗಿಂತ ಚೆಂದಾಗಿ ಉಣ್ತದೆ ಕಣ್ಲಾ," ಎಂದ ಅಪ್ಪ, ಸಪ್ಪೆ ಸೊಪ್ಪನ್ನು ಮುಂದಿಟ್ಟುಕೊಂಡು.

ರಜೆಗೆ ಬಂದಿದ್ದ ನನಗೆ ಅಷ್ಟು ಸಾಕಾಯಿತು.

"ಸತ್ವ ಇರಾದು ನೀರಲ್ಲಿ ತಾನೆ ಅವ್ವ?"

"ಊಂ."

"ಕಾಯ್ಲೆಯವ್ನಿಗೆ ಸತ್ವ ಬೇಕೋ ಬ್ಯಾಡ್ವೋ?"

"ಬೇಕು. ಡಾಕ್ಟ್ರು ಯೋಳವ್ರಲ್ಲಪ್ಪ."

"ಯಾಕೆ ಅಂತ ಯೋಳುದ್ರಾ?"

"ನಾನು ಕೇಳ್ನಿಲ್ಲ."

"ಕಾರಣ ಕೇಳ್ದೆ ನಂಬುದ್ರೆ ಡಾಕ್ಟ್ರೂ ಒಂದೆ, ಕಣಿ ಯೋಳೋನೂ ಒಂದೆ."

ಅವ್ವ ಸೌಟು ಕೆಳಗಿಟ್ಟಳು. ಅಪ್ಪ ನಕ್ಕ. "ಗೆದ್ಬುಟ್ಟ ಕಣಮ್ಮಿ ನಿನ್ ಮಗ. ಬುಡು ಸಾರ."

ಕಾರಣ ನನಗೂ ಗೊತ್ತಿರಲಿಲ್ಲ. ಅದು ಆಗಲೇ ಹೊಳೆದಿತ್ತು, ನುಂಗಿಕೊಂಡೆ.

ಹತ್ತು ದಿನ ಅಪ್ಪ ಉಪ್ಪು ಹುಳಿ ಹದವಾಗಿದ್ದ ಬಸ್ಸಾರು ಉಂಡ. ಆಮೇಲೆ ಮುಖ ಊದಿತು. ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಸಿಗದು. ಮತ್ತೆ ಕೊಳ್ಳೇಗಾಲಕ್ಕೆ ಕರೆದೊಯ್ದೆವು.

"ಏನಮ್ಮ ಊಟಕ್ಕೆ ಕೊಟ್ಟೆ?" ಡಾಕ್ಟರು ಕೇಳಿದರು.

"ಬಸ್ಸಾರು ಸಾ."

"ಸೊಪ್ಪಲ್ಲಿರೋ ಲವಣ ಎಲ್ಲ ನೀರಿಗೆ ಇಳಿಯುತ್ತೆ. ಅದನ್ನ ಹೊರಗೆ ಹಾಕೋ ಶಕ್ತಿ ಇವರಿಗಿಲ್ಲ. ಮೇಲೆ ಉಪ್ಪು ಬೇರೆ. ಚೆಲ್ಲು ಅಂದಿರಲಿಲ್ವ ನಾನು?"

ನನ್ನ ವಾದದ ಮೊದಲ ಮಾತು ಸರಿಯಾಗಿಯೇ ಇತ್ತು. ಸತ್ವ ನೀರಿಗೆ ಇಳಿಯುತ್ತಿತ್ತು. ಚೆಲ್ಲಬೇಕಾಗಿದ್ದದ್ದು ಅದಕ್ಕೇ.

"ಮರ್ತೋಯ್ತು ಸಾ," ಎಂದಳು ಅವ್ವ. "ತಪ್ಪು ನಂದೇಯ."

ಅವಳು ನನ್ನ ಕಡೆ ತಿರುಗಲಿಲ್ಲ. ಅಪ್ಪ ತಿರುಗಿ ನೋಡಿದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಹುಡುಕುವವನಂತೆ ನಿಂತಿದ್ದೆ.

ಅಪ್ಪ ಆ ಸಲ ಉಳಿದ. ಈಗ ರಜೆಗೆ ಹೋದಾಗಲೆಲ್ಲ ಅವ್ವ ಬಸಿದ ನೀರಿನ ಪಾತ್ರೆ ಎತ್ತಿ ಹಿಡಿದು ಕೇಳುತ್ತಾಳೆ, "ಚೆಲ್ಬುಡ್ಲಾ ಮಗ?" ಕುಟುಕಲಿಕ್ಕಲ್ಲ. ಓದಿದವನು ಹೇಳಲಿ ಎಂದು ನಿಜವಾಗಿಯೇ ಕೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. ಅವಳು ನೀರು ಚೆಲ್ಲುವವರೆಗೂ ಅಪ್ಪ ನನ್ನನ್ನೇ ನೋಡುತ್ತಿರುತ್ತಾನೆ.