ನೋವು ಹ್ಯಾಂಗೆ ಎಂದು ಕೇಳುವ ಹೀರಾಬಾಯಿ

ಅಮದಳ್ಳಿ ಕಡೆಯ ಮೊದಲ ಬಸ್ಸು ಕಾರವಾರ ತಲುಪಿದಾಗ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಳಿದವರೇ ಹೀರಾಬಾಯಿ ದಾಪುಗಾಲು ಹಾಕುತ್ತಾರೆ. ನರರೋಗದ ಡಾಕ್ಟರು ರಾಮನಾಥರ ದವಾಖಾನೆಯ ಬೀಗ ತೆಗೆಯಬೇಕು, ಕಸ ಗುಡಿಸಬೇಕು, ನೆಲ ಒರೆಸಬೇಕು, ಆಮೇಲೆ ಬಂದವರನ್ನು ವಿಚಾರಿಸಲು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತುಬಿಡಬೇಕು. ಚೂರು ತಡವಾದರೆ ಆ ಜಾಗದಲ್ಲಿ ನರ್ಸ್ ರೂಪಾಲಿ ಕೂತಿರುತ್ತಾಳಲ್ಲ!

ಮೊದಲು ಬಂದವನು ಬೈತಖೋಲ ಬಂದರಿನಲ್ಲಿ ಮೂಟೆ ಹೊರುವ ರಾಜು. "ಕಾಲು ನೋವು, ಹೀರಾಬಾಯಿ" ಎನ್ನುತ್ತಾನೆ. "ನೋವು ಎಲ್ಲರಿಗೂ ಅದೆ ಮಾರಾಯಾ. ನಿಂದು ಹ್ಯಾಂಗದೆ?" ರಾಜು ತಲೆ ಕೆರೆದುಕೊಳ್ಳುತ್ತಾನೆ. ಹೀರಾಬಾಯಿ ಅವಸರ ಮಾಡುವುದಿಲ್ಲ, ಅವನ ಬಾಯಿಗೆ ತಮ್ಮ ಶಬ್ದ ತುರುಕುವುದೂ ಇಲ್ಲ. ಕೊನೆಗೆ ಅವನೇ ಹೇಳುತ್ತಾನೆ: "ಸೊಂಟದಿಂದ ಕರೆಂಟ್ ಹೊಡ್ದಂಗೆ ಕೆಳಗಿಳೀತದೆ. ಪಾದದಲ್ಲಿ ಇರುವೆ ಹರ್ದಂಗೆ." ಹೀರಾಬಾಯಿ ಒಳಗೆ ಹೋಗಿ ಡಾಕ್ಟರಿಗೆ ಒಂದಕ್ಷರ ಆಚೀಚೆ ಮಾಡದೆ ಒಪ್ಪಿಸುತ್ತಾರೆ.

"ನನ್ನೆದುರು ಬಂದ್ರೆ ಜನ ನೋವು ಅಂತ ಹೇಳಿ ಬಾಯಿ ಮುಚ್ತಾರೆ" ಎನ್ನುತ್ತಾರೆ ಡಾಕ್ಟರು. "ಉರಿ, ಜುಮುಜುಮು, ಕರೆಂಟು ಅಂದ್ರೆ ನರದ ಮೇಲೆ ಅನುಮಾನ ಬರ್ತದೆ. ಆಮೇಲೆ ಹತ್ತಿ, ಸೂಜಿ ತಾಗಿಸಿ ಖಾತ್ರಿ ಮಾಡ್ಕೊಳ್ತೆ. ನರದ ನೋವಿಗೆ ಮಾತ್ರೆಯೇ ಬೇರೆ." ದಿನಕ್ಕೆ ಮೂವತ್ತು ನಲವತ್ತು ಮಂದಿ ಬರುತ್ತಾರೆ. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಸೇರಿದ ಹೀರಾಬಾಯಿಗೆ ಈ ಬೆಂಚಿನ ಕೆಲಸ ತಾನಾಗಿಯೇ ಒಲಿದದ್ದು. ಊರಲ್ಲಿ ಅವರಿಗೆ ಮರ್ಯಾದೆ ಬಂದದ್ದೂ ಇದರಿಂದಲೇ.

ಹಾಗಿರುವಾಗ 2005ರಲ್ಲಿ ಅಂಕೋಲಾದಿಂದ ರೂಪಾಲಿ ಬಂದಳು. ಕಲಿತ ಹುಡುಗಿ, ನಗುಮುಖ. ವರ್ಷಗಟ್ಟಲೆ ಮದ್ದಿಗೆಂದು ಬಂದು ಹೀರಾಬಾಯಿಯ ಮಗ್ಗುಲಲ್ಲೇ ಕೂರುತ್ತಿದ್ದ ಹಿಲ್ಲೂರಿನ ಗಂಗೆ ಒಂದು ದಿನ ಸೀದಾ ಹೋಗಿ ರೂಪಾಲಿಯ ಕೈ ಹಿಡಿದಳು. ಬರೆದುಕೊಳ್ಳಲು ಹೋದ ನಮ್ಮೆದುರು ಹೀರಾಬಾಯಿ ಇಂದಿಗೂ ಆ ದಿನ ನೆನೆದು ಸಿಡುಕುತ್ತಾರೆ. "ಹೊಟ್ಟೆಕಿಚ್ಚು ಅಂತ್ಲೇ ಬರ್ಕೊಳ್ಳಿ, ನಂಗೇನು ನಾಚಿಕೆ?" ಎನ್ನುತ್ತಾರೆ. "ಎಂತಾ ನಗೆ ಅಂತೀರಿ ಅವಳದು! ಡಾಕ್ಟ್ರೂ ಈಗ ರೂಪಾಲಿನ ಕರೀರಿ ಅಂತಾರೆ. ನಾನೆಂತ ಸತ್ತೋಗಿದ್ನಾ?"

ಹೋದ ಮಳೆಗಾಲದಲ್ಲಿ ಹೀರಾಬಾಯಿಯ ಎಡಪಕ್ಕೆಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿತು, ಸಂಕಟ ಹೋಗಲಿಲ್ಲ. ತಿಂಗಳುಗಟ್ಟಲೆ ನಿದ್ದೆಯಿಲ್ಲ. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ರೂಪಾಲಿ ಎದುರು ಕೂತು ವಿಚಾರಿಸುತ್ತಾಳೆ, ತಾನು ರೋಗಿಯ ಹಾಗೆ ಉತ್ತರ ಕೊಡಬೇಕು. ಅದಕ್ಕಿಂತ ಸಾಯುವುದೇ ಮೇಲು ಎಂಬ ಹಟ.

ಸೆರಗನ್ನು ಪಕ್ಕೆಗೆ ತಾಗದಂತೆ ಎತ್ತಿ ಹಿಡಿದು ನೆಲ ಒರೆಸುತ್ತಿದ್ದುದು ರೂಪಾಲಿಯ ಕಣ್ಣಿಗೆ ಬಿತ್ತು. "ಬಾಯಿ, ಕೂತ್ಕೊಳಿ. ಎಂತ ಆಗ್ತದೆ ಹೇಳಿ" ಎಂದಳು. "ಪಕ್ಕೆ ನೋವು. ಅಷ್ಟೆ" ಎಂದು ಹೀರಾಬಾಯಿ ಮುಖ ತಿರುಗಿಸಿದರು. ರೂಪಾಲಿ ಅವರ ಕೈ ಹಿಡಿದು ಒಳಗೆ ಕರೆದೊಯ್ದು, "ಸರ್, ಹೀರಾಬಾಯಿಗೆ ಪಕ್ಕೆ ನೋವಂತೆ. ಅಷ್ಟೆ" ಎಂದಳು.

ಅಷ್ಟೆ! ಹೀರಾಬಾಯಿಗೆ ತಡೆಯಲಾಗಲಿಲ್ಲ. "ಹಾಂಗೆ ಹೇಳೂದಾ? ಇದನ್ನೇ ಕಲ್ತ್ಕಂಡು ಬಂದದ್ದಾ ನೀನು?" ಎಂದು ರೇಗಿದವರು ಡಾಕ್ಟರ ಕಡೆ ತಿರುಗಿದರು. "ಬರೀ ನೋವಲ್ಲ ಡಾಕ್ಟ್ರೇ, ಉರಿ! ಕೆಂಡ ಇಟ್ಟಂಗೆ. ಮಧ್ಯೆ ಮಧ್ಯೆ ಸೂಜಿ ಚುಚ್ಚಿದಂಗೆ. ಸೆರಗು ತಾಗಿದ್ರೂ ಜೀವ ಹೋಗ್ತದೆ!" ಡಾಕ್ಟರು ಹತ್ತಿಯ ಎಳೆ ಸವರಿದರು. ಹೀರಾಬಾಯಿ ಚೀರಿದರು. ಸರ್ಪಸುತ್ತು ಬಿಟ್ಟುಹೋದ ನರದ ನೋವು. ನರದ ಮಾತ್ರೆ ಶುರುವಾಯಿತು. ಈಗ ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಬರುತ್ತದೆ.

ರೂಪಾಲಿ ಕರೆದೊಯ್ಯದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ ಹೀರಾಬಾಯಿ ಒಪ್ಪಿಕೊಳ್ಳುತ್ತಾರೆ. "ಹುಡುಗಿ ಒಳ್ಳೇದು. ಸುಳ್ಳು ಯಾಕೆ ಹೇಳ್ಲಿ?" ಎಂದವರು ಮರುಕ್ಷಣವೇ ಬೆರಳೆತ್ತುತ್ತಾರೆ. "ಆದ್ರೆ ಒಂದು ಮಾತು ಸರಿಯಾಗಿ ಬರೀರಿ. ನನ್ನ ನೋವು ನಾನೇ ಹೇಳಿದ್ದು. ಅವಳು ಕೇಳಿ ತೆಗ್ದದ್ದಲ್ಲ."